ವಿಳಾಸ ಬದಲಿಸುವ ಫೋನು, ಬೆನ್ನು ಬಿಡದ ಲೆಕ್ಕ

2013ರಲ್ಲಿ ಲಂಡನ್‌ನ ‘ಸಿಟಿ’ ಪ್ರದೇಶದ ಬೀದಿಗಳಲ್ಲಿ ಜಾಹೀರಾತು ಪರದೆಯಿದ್ದ ಕಸದ ತೊಟ್ಟಿಗಳಿದ್ದವು. ರಿನ್ಯೂ ಎಂಬ ಕಂಪನಿ ಅವುಗಳಲ್ಲಿ 12 ತೊಟ್ಟಿಗಳೊಳಗೆ ಸಣ್ಣದೊಂದು ಸಾಧನ ಇಟ್ಟಿತ್ತು. ಪಕ್ಕದಲ್ಲಿ ಹಾದುಹೋದವರ ಫೋನುಗಳನ್ನು ಅದು ದಾಖಲಿಸಿಕೊಳ್ಳುತ್ತಿತ್ತು. ನಡೆದು ಹೋದವರು ಯಾವ ವೈಫೈಗೂ ಸೇರಿರಲಿಲ್ಲ, ಯಾವುದಕ್ಕೂ ಒಪ್ಪಿಗೆ ಕೊಟ್ಟಿರಲಿಲ್ಲ. ಜೇಬಿನಲ್ಲಿದ್ದ ಫೋನಿನ ವೈಫೈ ಆನ್ ಆಗಿದ್ದರೆ ಸಾಕಿತ್ತು. ಆಗಸ್ಟ್‌ನಲ್ಲಿ ಸುದ್ದಿ ಹೊರಬಿದ್ದು ಗಲಾಟೆಯಾದ ಮೇಲೆ ಅಲ್ಲಿನ ಆಡಳಿತ, ಇದನ್ನು ನಿಲ್ಲಿಸಿ ಎಂದಿತು.

ಅಷ್ಟು ಸುಲಭವಾಗಿ ಫೋನು ಸಿಕ್ಕಿಬಿದ್ದದ್ದು ಮ್ಯಾಕ್ ವಿಳಾಸದಿಂದ. ವೈಫೈ ಇರುವ ಪ್ರತಿ ಸಾಧನಕ್ಕೂ ಕಾರ್ಖಾನೆಯಲ್ಲೇ 48 ಬಿಟ್‌ಗಳ ಒಂದು ವಿಳಾಸ ಕೊಟ್ಟಿರುತ್ತಾರೆ. ಬರೆದರೆ ಅದು 12 ಅಂಕಿ-ಅಕ್ಷರಗಳ ಸಾಲು. ಸಾಮಾನ್ಯವಾಗಿ ಮೊದಲರ್ಧ ತಯಾರಕರದ್ದು, ಉಳಿದರ್ಧ ಆ ಒಂದು ಸಾಧನದ್ದು. ಗೊತ್ತಿರುವ ವೈಫೈ ಹತ್ತಿರದಲ್ಲಿದೆಯಾ ಎಂದು ಫೋನು ಆಗಾಗ ಕೂಗಿ ಕೇಳುತ್ತದೆ. ಈ ಕೂಗಿಗೆ ಪ್ರೋಬ್ ರಿಕ್ವೆಸ್ಟ್ ಎನ್ನುತ್ತಾರೆ. ಇದರಲ್ಲಿ ಮ್ಯಾಕ್ ವಿಳಾಸ ಬಟಾಬಯಲಾಗಿರುತ್ತದೆ, ಯಾರು ಬೇಕಾದರೂ ಓದಬಹುದು. ಹಳೆಯ ಫೋನುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಿಂದೆ ಸೇರಿದ್ದ ವೈಫೈಗಳ ಹೆಸರುಗಳನ್ನೂ ಒಂದೊಂದಾಗಿ ಕೂಗುತ್ತಿದ್ದವು. ಮನೆಯದ್ದು, ಆಫೀಸಿನದ್ದು, ಉಳಿದುಕೊಂಡಿದ್ದ ಹೋಟೆಲಿನದ್ದು. ಒಬ್ಬ ಮನುಷ್ಯನ ಬದುಕಿನ ಬಗ್ಗೆ ಇಷ್ಟು ಗೊತ್ತಾದರೆ ಜಾಸ್ತಿಯೇ ಆಯಿತು, ಅಲ್ವಾ?

ಅಂಗಡಿಯವರಿಗೆ ಇದು ಚಿನ್ನದಂಥ ಮಾಹಿತಿ. ಬಾಗಿಲ ಮುಂದೆ ಎಷ್ಟು ಜನ ಹೋದರು, ಒಳಗೆ ಎಷ್ಟು ಜನ ಬಂದರು, ಎಷ್ಟು ಹೊತ್ತು ನಿಂತರು, ಅವರಲ್ಲಿ ಮತ್ತೆ ಬಂದವರೆಷ್ಟು? ಇದನ್ನೆಲ್ಲ ಲೆಕ್ಕ ಹಾಕಿಕೊಡುವ ವ್ಯಾಪಾರಕ್ಕೆ ಪ್ರೆಸೆನ್ಸ್ ಅನಲಿಟಿಕ್ಸ್ ಎಂಬ ಹೆಸರು ಬಂತು. ಅಮೆರಿಕದ ನಾರ್ಡ್‌ಸ್ಟ್ರಾಮ್ ಮಳಿಗೆಗಳು ಇದನ್ನು ಪ್ರಯತ್ನಿಸಿ, ಗ್ರಾಹಕರು ದೂರಿದ ಮೇಲೆ 2013ರಲ್ಲಿ ಕೈಬಿಟ್ಟವು. ನೋಮಿ ಎಂಬ ಕಂಪನಿ ಅದೇ ವರ್ಷದ ಮೊದಲ 9 ತಿಂಗಳಲ್ಲಿ ಸುಮಾರು 90 ಲಕ್ಷ ಸಾಧನಗಳ ಮಾಹಿತಿ ಸಂಗ್ರಹಿಸಿತ್ತು. ಬೇಡವೆಂದವರು ಅಂಗಡಿಯಲ್ಲೇ ಹೊರಗುಳಿಯಬಹುದು ಎಂದು ಅದು ಮಾತು ಕೊಟ್ಟಿತ್ತು. ಆದರೆ ಅಂಗಡಿಗಳಲ್ಲಿ ಅಂಥ ವ್ಯವಸ್ಥೆಯೇ ಇರಲಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2015ರಲ್ಲಿ ಹೇಳಿತು.

ಈ ಕಂಪನಿಗಳು ಸಾಮಾನ್ಯವಾಗಿ ಕೊಡುತ್ತಿದ್ದ ಸಮಾಧಾನ ಒಂದೇ. ನಾವು ವಿಳಾಸವನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ, ಹ್ಯಾಶ್ ಮಾಡುತ್ತೇವೆ, ಅಂದರೆ ಗಣಿತದ ಸೂತ್ರದಲ್ಲಿ ಹಾಕಿ ಗುರುತು ಸಿಗದ ಸಂಖ್ಯೆಯಾಗಿಸುತ್ತೇವೆ ಎನ್ನುತ್ತಿದ್ದರು. ನನಗೆ ಈ ವಾದ ಯಾವತ್ತೂ ಒಪ್ಪಿಗೆಯಾಗಿಲ್ಲ. ಬಳಕೆಯಲ್ಲಿರುವ ಮ್ಯಾಕ್ ವಿಳಾಸಗಳಿಗೆ ಒಂದು ಮಿತಿಯಿದೆ. ಸುಮ್ನೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹ್ಯಾಶ್ ಮಾಡಿ ಹೋಲಿಸಿದರೆ ಮೂಲ ವಿಳಾಸ ಸಿಕ್ಕಿಬಿಡುತ್ತದೆ. ಗುಟ್ಟಿನ ಸಂಖ್ಯೆಯೊಂದನ್ನು ಸೇರಿಸಿ ಹ್ಯಾಶ್ ಮಾಡಿದರೆ ಇದು ಕಷ್ಟ, ನಿಜ. ಆದರೂ ಆ ಸಂಖ್ಯೆ ಬದಲಾಗದಿದ್ದರೆ ಒಂದೇ ಫೋನಿಗೆ ಪ್ರತಿಸಲವೂ ಒಂದೇ ಹ್ಯಾಶ್ ಬರುತ್ತದೆ. ನಿನ್ನೆ ಬಂದವರೇ ಇವತ್ತೂ ಬಂದರು ಎಂದು ಹೇಳಲು ಅಷ್ಟೇ ಸಾಕು. ಪ್ಯಾರಿಸ್ ಪಕ್ಕದ ಲಾ ದೆಫಾನ್ಸ್‌ನಲ್ಲಿ ಜೆಸಿಡೆಕೋ ಕಂಪನಿ ಜಾಹೀರಾತು ಫಲಕಗಳ ಮೂಲಕ ಹೀಗೆ ಜನರನ್ನು ಎಣಿಸಲು ಅನುಮತಿ ಕೇಳಿತ್ತು. ಇದರಿಂದ ಜನ ಅನಾಮಿಕರಾಗಿ ಉಳಿಯುವುದಿಲ್ಲ ಎಂದು ಫ್ರಾನ್ಸಿನ ಡೇಟಾ ರಕ್ಷಣಾ ಸಂಸ್ಥೆ ನಿರಾಕರಿಸಿತು. 2017ರ ಫೆಬ್ರುವರಿಯಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಅಷ್ಟರಲ್ಲಿ ಫೋನುಗಳೇ ಬದಲಾಗತೊಡಗಿದ್ದವು. 2014ರಲ್ಲಿ ಆಪಲ್‌ನ ಐಒಎಸ್ 8 ಬಂತು. ವೈಫೈ ಹುಡುಕುವಾಗ ಅಸಲಿ ವಿಳಾಸದ ಬದಲು ಮನಸ್ಸಿಗೆ ಬಂದ ಯಾವುದೋ ವಿಳಾಸ ಬಳಸುವ ಉಪಾಯ ಅದರಲ್ಲಿತ್ತು. ಶುರುವಿನಲ್ಲಿ ಅದು ಕೆಲಸ ಮಾಡುತ್ತಿದ್ದದ್ದು ಕೆಲವು ಸಂದರ್ಭಗಳಲ್ಲಿ ಮಾತ್ರ. ನೆಟ್‌ವರ್ಕಿಗೆ ಸೇರಿದ ಮೇಲಂತೂ ಅಸಲಿ ವಿಳಾಸವೇ ಹೊರಬರುತ್ತಿತ್ತು. ಸೇರಿದ ಮೇಲೂ ನಕಲಿ ವಿಳಾಸವೇ ಇರುವಂತೆ 2019ರಲ್ಲಿ ಆಂಡ್ರಾಯ್ಡ್ 10, ಮರುವರ್ಷ ಐಒಎಸ್ 14 ಮಾಡಿದವು.

ಇಂಥ ವಿಳಾಸವನ್ನು ಕಣ್ಣಳತೆಯಲ್ಲೇ ಗುರುತಿಸಬಹುದು. ಎರಡನೆಯ ಸ್ಥಾನದಲ್ಲಿ 2, 6, ಎ ಅಥವಾ ಇ ಇದ್ದರೆ ಅದು ಕಾರ್ಖಾನೆಯಲ್ಲಿ ಕೊಟ್ಟದ್ದಲ್ಲ. ಫೋನಿನ ವೈಫೈ ಸೆಟ್ಟಿಂಗ್ಸ್ ತೆರೆದು ನೋಡಿ, ನಿಮ್ಮದೂ ಬಹುಶಃ ಹಾಗೇ ಇರುತ್ತದೆ.

ಆದರೆ ವೇಷ ಬದಲಿಸಿದರೂ ನಡಿಗೆ ಬದಲಾಗಲಿಲ್ಲ. ವೈಫೈ ಸಂದೇಶಗಳಿಗೆ 0ಯಿಂದ 4095ರವರೆಗೆ ಒಂದು ಕ್ರಮಸಂಖ್ಯೆ ಇರುತ್ತದೆ. ಒಂದು ವಿಳಾಸದಿಂದ 1312 ಹೊರಟು ನಿಂತುಹೋಗುತ್ತದೆ. ಮರುಕ್ಷಣವೇ ಬೇರೊಂದು ವಿಳಾಸದಿಂದ 1313 ಬರುತ್ತದೆ. ಎರಡೂ ಒಂದೇ ಫೋನು ಎಂದು ಊಹಿಸಲು ಜಾಣತನವೇನೂ ಬೇಡ. ಯಾವ ವೇಗ ಗೊತ್ತು, ಯಾವ ಸೌಲಭ್ಯ ಇದೆ ಎಂದು ಪ್ರೋಬ್‌ನೊಳಗೆ ಫೋನು ಹೇಳಿಕೊಳ್ಳುವ ವಿವರಗಳೂ ಸೇರಿ ಒಂದು ಬೆರಳಚ್ಚಿನಂತಾಗುತ್ತವೆ. ಅಮೆರಿಕದ ನೌಕಾ ಅಕಾಡೆಮಿಯ ಸಂಶೋಧಕರು 2017ರಲ್ಲಿ ಇನ್ನೂ ನೇರವಾದ ದಾರಿ ತೋರಿಸಿದರು. ಅಸಲಿ ವಿಳಾಸ ಗೊತ್ತಿದ್ದರೆ, ಆ ವಿಳಾಸಕ್ಕೆ ಒಂದು ನಿಯಂತ್ರಣ ಸಂದೇಶ ಕಳಿಸಿ. ಫೋನು ಹತ್ತಿರದಲ್ಲಿದ್ದರೆ ನಕಲಿ ವಿಳಾಸದ ಹಿಂದಿದ್ದರೂ ಚಿಪ್ ತಾನಾಗಿ ಉತ್ತರ ಕೊಡುತ್ತದೆ. ಅವರು ಪರೀಕ್ಷಿಸಿದ ಎಲ್ಲ ಫೋನುಗಳೂ ಹೀಗೆ ಸಿಕ್ಕಿಬಿದ್ದವು. ಐಫೋನಿನಲ್ಲಂತೂ ಮತ್ತೊಂದು ತಪ್ಪು ಉಳಿದುಕೊಂಡಿತ್ತು. ನಕಲಿ ವಿಳಾಸದಿಂದ ನೆಟ್‌ವರ್ಕಿಗೆ ಸೇರಿದ ಮೇಲೂ ಅದೇ ನೆಟ್‌ವರ್ಕಿಗೆ ಕಳಿಸುವ ಬೇರೊಂದು ಸಂದೇಶದೊಳಗೆ ಅಸಲಿ ವಿಳಾಸ ಇರುತ್ತಿತ್ತು. ಅದು ಸರಿಯಾದದ್ದು 2023ರ ಅಕ್ಟೋಬರ್‌ನಲ್ಲಿ, ಐಒಎಸ್ 17.1ರಲ್ಲಿ.

ಎಣಿಕೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಲಂಡನ್ನಿನ ಸಾರಿಗೆ ಸಂಸ್ಥೆ 2016ರ ಕೊನೆಯಲ್ಲಿ 54 ಭೂಗತ ರೈಲು ನಿಲ್ದಾಣಗಳಲ್ಲಿ ನಾಲ್ಕು ವಾರ ವೈಫೈ ಮಾಹಿತಿ ಸಂಗ್ರಹಿಸಿತು. ನಿಲ್ದಾಣಗಳಲ್ಲಿ ಫಲಕ ಹಾಕಿ ಜನರಿಗೆ ತಿಳಿಸಿಯೂ ಇತ್ತು. ಕಿಂಗ್ಸ್ ಕ್ರಾಸ್‌ನಿಂದ ವಾಟರ್‌ಲೂಗೆ ಜನ ಕಡಿಮೆಯೆಂದರೂ 18 ಬೇರೆ ಬೇರೆ ದಾರಿಗಳಲ್ಲಿ ಹೋಗುತ್ತಾರೆ ಎಂಬುದು ಆಗ ಗೊತ್ತಾಯಿತು. ಟಿಕೆಟ್ ಗೇಟಿನ ಲೆಕ್ಕದಲ್ಲಿ ಹತ್ತಿದ್ದು, ಇಳಿದದ್ದು ಮಾತ್ರ ಸಿಗುತ್ತದೆ, ನಡುವಿನ ದಾರಿ ಸಿಗುವುದಿಲ್ಲ. ನೂಕುನುಗ್ಗಲು ತಗ್ಗಿಸಲು ಇಂಥ ಮಾಹಿತಿ ಬೇಕೇ ಬೇಕು. ಆದರೆ ಒಂದು ಪ್ರಯಾಣ ಮುಗಿಯುವ ತನಕ ಫೋನನ್ನು ಗುರುತಿಟ್ಟರೆ ಈ ಕೆಲಸ ಆಗುತ್ತದೆ. ಅದೇ ವ್ಯಕ್ತಿ ಮುಂದಿನ ವಾರ ಎಲ್ಲಿದ್ದ ಎಂದು ತಿಳಿಯಬೇಕಾಗಿಲ್ಲ. ಅಂಗಡಿಗಳ ವ್ಯಾಪಾರ ನಿಂತಿದ್ದದ್ದೇ ಆ ಮುಂದಿನ ವಾರದ ನೆನಪಿನ ಮೇಲೆ.

ಬದಲಾಗುವ ವಿಳಾಸಗಳು ಹೊಡೆತ ಕೊಟ್ಟದ್ದೂ ಅಲ್ಲಿಗೇ. ಒಂದೇ ಕಡೆ ನಿಂತ ಒಂದು ಫೋನು ಹಲವು ಹೊಸ ಗಿರಾಕಿಗಳಂತೆ ಕಾಣಿಸತೊಡಗಿತು. ನಕಲಿ ವಿಳಾಸಗಳನ್ನೆಲ್ಲ ತೆಗೆದುಹಾಕಿದರೆ ಲೆಕ್ಕ ತೀರಾ ಕಡಿಮೆಯಾಯಿತು. ಹಾಗಾಗಿ ಈಗ ಹೆಚ್ಚಿನ ಗಮನ ವೈಫೈಗೆ ಸೇರಿದವರ ಮೇಲೆ. ಒಂದು ನೆಟ್‌ವರ್ಕಿಗೆ ಫೋನು ಸಾಮಾನ್ಯವಾಗಿ ಒಂದೇ ನಕಲಿ ವಿಳಾಸ ಇಟ್ಟುಕೊಳ್ಳುತ್ತದೆ. ಎಲ್ಲ ಶಾಖೆಗಳಲ್ಲೂ ವೈಫೈ ಹೆಸರು ಒಂದೇ ಇದ್ದರೆ, ಯಾವ ಶಾಖೆಗೆ ಹೋದರೂ ಗುರುತು ಸಿಗುತ್ತದೆ. ಅದಕ್ಕೇ ಐಒಎಸ್ 18ರಲ್ಲಿ ಒಂದೇ ನೆಟ್‌ವರ್ಕಿನಲ್ಲೂ ಆಗಾಗ ಬದಲಾಗುವ ವಿಳಾಸದ ಆಯ್ಕೆ ಬಂತು. ಇನ್ನೊಂದೆಡೆ, ಪುಕ್ಕಟೆ ವೈಫೈ ಕೊಡುವ ಪುಟಗಳು ಸೇರುವ ಮೊದಲೇ ಫೋನ್ ನಂಬರ್ ಅಥವಾ ಇಮೇಲ್ ಕೇಳುತ್ತವೆ. ಅದನ್ನು ಟೈಪ್ ಮಾಡಿದ ಮೇಲೆ ಮ್ಯಾಕ್ ವಿಳಾಸ ಎಷ್ಟು ಸಲ ಬದಲಾದರೂ ಪುಟದವರಿಗೆ ನೀವು ಯಾರೆಂದು ಗೊತ್ತಿರುತ್ತದೆ.