ಪದ ಪರಿಚಯ: ಸ್ಪೀಕರಿನ ಬ್ರೇಕ್‌ಇನ್ ಮತ್ತು ವಾರ್ಮ್‌ಅಪ್

ದುಬಾರಿ ಬುಕ್‌ಶೆಲ್ಫ್ ಸ್ಪೀಕರ್ (ಕಪಾಟಿನಲ್ಲಿ ಇಡಬಹುದಾದಷ್ಟು ಪುಟ್ಟದು) ಕೊಂಡವರ ಬಾಯಲ್ಲಿ ಎರಡು ಮಾತು ಮತ್ತೆ ಮತ್ತೆ ಬರುತ್ತವೆ. ‘ಮೊದಲ ದಿನ ಟ್ವೀಟರ್ ಕಿವಿಗೆ ಚುಚ್ಚುತ್ತಿತ್ತು, ನೂರು ಗಂಟೆ ಓಡಿದ ಮೇಲೆ ಮೆತ್ತಗಾಯಿತು’ ಎಂಬುದು ಒಂದು (ಟ್ವೀಟರ್ ಎಂದರೆ ಸ್ಪೀಕರಿನಲ್ಲಿ ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಭಾಗ). ‘ದಿನವೂ ಮೊದಲ ಅರ್ಧ ಗಂಟೆ ದನಿ ಮುಚ್ಚಿಕೊಂಡಂತಿರುತ್ತದೆ, ಆಮೇಲೆ ತೆರೆದುಕೊಳ್ಳುತ್ತದೆ’ ಎಂಬುದು ಇನ್ನೊಂದು. ಮೊದಲನೆಯದನ್ನು ಬ್ರೇಕ್‌ಇನ್ ಎನ್ನುತ್ತಾರೆ: ಹೊಸ ಸ್ಪೀಕರಿನಲ್ಲಿ ಒಮ್ಮೆ ಮಾತ್ರ ಆಗಿ, ಹಾಗೆಯೇ ಉಳಿಯುವ ಬದಲಾವಣೆ. ಎರಡನೆಯದು ವಾರ್ಮ್‌ಅಪ್: ಪ್ರತಿ ಸಲ ಹಚ್ಚಿದಾಗಲೂ ಆಗಿ, ಆರಿಸಿದ ಮೇಲೆ ಮರೆಯಾಗುವಂಥದು. ಜನ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರಾದರೂ ಇವುಗಳ ಕಾರಣಗಳು ಬೇರೆ, ಅಳತೆಗಳು ಬೇರೆ.

ಬ್ರೇಕ್‌ಇನ್ ಕಟ್ಟುಕಥೆಯಲ್ಲ. ವೂಫರ್ ಎಂದರೆ ಬೇಸ್, ಅಂದರೆ ತಗ್ಗಿನ ಸ್ವರಗಳನ್ನು ನುಡಿಸುವ ಭಾಗ. ಅದರ ಕೋನ್ ಎರಡು ಕಡೆ ತೂಗಿಕೊಂಡಿರುತ್ತದೆ. ಅಂಚಿನಲ್ಲಿ ರಬ್ಬರಿನ ಸರೌಂಡ್, ಹಿಂದೆ ಸ್ಪೈಡರ್. ಸ್ಪೈಡರ್ ಎಂದರೆ ಅಂಟುರಾಳದಲ್ಲಿ ಅದ್ದಿ, ಬಿಸಿಯಲ್ಲಿ ಒತ್ತಿ, ನೆರಿಗೆ ಹಿಡಿಸಿದ ಬಟ್ಟೆ. ಕೋನ್ ಮೊದಲ ಸಲ ಜೋರಾಗಿ ಹಿಂದೆ ಮುಂದೆ ಓಡಾಡಿದಾಗ ಆ ರಾಳದ ಬಿಗಿ ಸಡಿಲುತ್ತದೆ. ವೂಫರಿನ ಅನುರಣನ ಆವರ್ತನ, ಅಂದರೆ ಅದು ತಾನಾಗಿ ಸುಲಭವಾಗಿ ಕಂಪಿಸುವ ಆವರ್ತನ, ಕೆಳಗಿಳಿಯುತ್ತದೆ. ಅಳೆದು ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಬಿಡಿ ವೂಫರಿನಲ್ಲಿ ಆದ ಬದಲಾವಣೆ ಪೆಟ್ಟಿಗೆಯೊಳಗೆ ಕುಳಿತ ವೂಫರಿನಲ್ಲಿ ಅಷ್ಟೇ ಪ್ರಮಾಣದಲ್ಲಿ ಉಳಿಯುವುದಿಲ್ಲ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ.

ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ಬಟ್ಟೆ, ರಬ್ಬರುಗಳ ಸ್ಪ್ರಿಂಗಿಗಿಂತ ಗಾಳಿಯ ಸ್ಪ್ರಿಂಗ್ ನಂಬಿಕಸ್ಥ ಎಂದು ಕಂಡುಕೊಂಡೇ ಅಮೆರಿಕದ ಸ್ಪೀಕರ್ ವಿನ್ಯಾಸಕ ಎಡ್ಗರ್ ವಿಲ್ಚರ್ 1954ರಲ್ಲಿ ಏಆರ್-1 ಸ್ಪೀಕರನ್ನು ರೂಪಿಸಿದರು. ಪುಟ್ಟ ಪೆಟ್ಟಿಗೆಯಿಂದ ಆಳವಾದ ಬೇಸ್ ಬರುವ ದಾರಿ ತೆರೆದದ್ದು ಅಲ್ಲಿಂದಲೇ. ಒಂದು ಲೆಕ್ಕ ಹಾಕಿ ನೋಡೋಣ. ಹೊಸ ವೂಫರಿನ ಅನುರಣನ 40 ಹರ್ಟ್ಸ್ ಇದೆ, ಗಾಳಿಯ ಬಿಗಿ ವೂಫರಿನ ಸ್ವಂತ ಬಿಗಿಯ ಮೂರು ಪಟ್ಟು ಇದೆ ಎಂದುಕೊಳ್ಳಿ. ಪೆಟ್ಟಿಗೆಯಲ್ಲಿ ಅದು 80 ಹರ್ಟ್ಸ್‌ಗೆ ನಿಲ್ಲುತ್ತದೆ. ಬ್ರೇಕ್‌ಇನ್ ಆಗಿ ಬಿಡಿ ವೂಫರ್ ಶೇಕಡ 10ರಷ್ಟು ಇಳಿದು 36 ಹರ್ಟ್ಸ್‌ಗೆ ಬಂದರೂ ಪೆಟ್ಟಿಗೆಯಲ್ಲಿ ಅನುರಣನ 78ರ ಆಸುಪಾಸಿನಲ್ಲಿರುತ್ತದೆ. ಇಳಿಕೆ ಎರಡೇ ಹರ್ಟ್ಸ್! ರಂಧ್ರವಿರುವ ಪೆಟ್ಟಿಗೆಯಾದರೆ ಅದರ ಶ್ರುತಿಯನ್ನು ಪೆಟ್ಟಿಗೆಯ ಗಾತ್ರ ಮತ್ತು ಕೊಳವೆಯ ಅಳತೆ ನಿರ್ಧರಿಸುತ್ತವೆ. ಅವು ಎಷ್ಟು ಗಂಟೆ ಹಾಡಿಸಿದರೂ ಬದಲಾಗುವುದಿಲ್ಲ.

ಇನ್ನೂ ಒಂದು ಮಾತು. ಈ ಸಡಿಲಿಕೆ ನಡೆಯುವುದು ಬೇಸ್ ನುಡಿಸುವ ವೂಫರಿನಲ್ಲಿ. ದೂರು ಕೇಳಿಬರುವುದು ಮಾತ್ರ ಹೆಚ್ಚಾಗಿ ಟ್ವೀಟರಿನ ಮೇಲೆ. ಕೂದಲೆಳೆಯಷ್ಟೂ ಅಲುಗದೆ ಕೆಲಸ ಮಾಡುವ ಟ್ವೀಟರಿನ ಗುಮ್ಮಟದಲ್ಲಿ ಸಡಿಲಾಗಲು ಇರುವುದೇ ಸ್ವಲ್ಪ.

ವಾರ್ಮ್‌ಅಪ್ ಕಥೆ ಇನ್ನೂ ಕುತೂಹಲದ್ದು. 1 ವಾಟ್‌ಗೆ, 1 ಮೀಟರ್ ದೂರದಲ್ಲಿ 86 ಡೆಸಿಬಲ್ ಕೊಡುವ ಬುಕ್‌ಶೆಲ್ಫ್ ಸ್ಪೀಕರ್ ತನಗೆ ಸಿಕ್ಕ ವಿದ್ಯುತ್ತಿನಲ್ಲಿ ಶಬ್ದವಾಗಿಸುವುದು ಸುಮಾರು ಶೇಕಡ 0.25 ಮಾತ್ರ. ಉಳಿದದ್ದೆಲ್ಲ ಹೆಚ್ಚುಕಡಿಮೆ ಶಾಖವೇ. ಹಾಗಾಗಿ ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಸುರುಳಿ) ಬಿಸಿಯಾಗುವುದು ನಿಜ. ತಾಮ್ರದ ತಂತಿಯ ರೋಧ ಪ್ರತಿ ಡಿಗ್ರಿಗೆ ಶೇಕಡ 0.39ರಷ್ಟು ಏರುತ್ತದೆ. ಕಾಯಿಲ್ 100 ಡಿಗ್ರಿ ಬಿಸಿಯೇರಿದರೆ ರೋಧ ಶೇಕಡ 39 ಹೆಚ್ಚಿ, ದನಿ ಸುಮಾರು 3 ಡೆಸಿಬಲ್ ಕುಗ್ಗುತ್ತದೆ. ಇದಕ್ಕೆ ಪವರ್ ಕಂಪ್ರೆಷನ್ ಎಂದು ಹೆಸರು. ಗಮನಿಸಿ: ಬಿಸಿ ದನಿಯನ್ನು ತೆರೆಯುತ್ತಿಲ್ಲ, ಅದುಮುತ್ತಿದೆ. ಮನೆಯಲ್ಲಿ ಹದವಾದ ವಾಲ್ಯೂಮಿನಲ್ಲಿ ಕೇಳುವಾಗ ಸ್ಪೀಕರಿಗೆ ಹೋಗುವುದು ಸರಾಸರಿ ಒಂದೆರಡು ವಾಟ್ ಅಥವಾ ಅದಕ್ಕೂ ಕಡಿಮೆ. ಅಲ್ಲಿ ಈ ಕುಗ್ಗುವಿಕೆ ಅತ್ಯಲ್ಪ.

ಹಾಗಾದರೆ ವಾರ್ಮ್‌ಅಪ್ ಪೂರ್ತಿ ಭ್ರಮೆಯೇ? ಅಲ್ಲ. ಅನೇಕ ಟ್ವೀಟರುಗಳ ಕಾಯಿಲ್ ಸುತ್ತ ಫೆರೋಫ್ಲೂಯಿಡ್ ಎಂಬ ಕಾಂತೀಯ ದ್ರವ ತುಂಬಿರುತ್ತಾರೆ. ಇದು 1963ರಲ್ಲಿ ನಾಸಾದಲ್ಲಿ ಹುಟ್ಟಿದ್ದು, ರಾಕೆಟ್ ಇಂಧನದ ಕೆಲಸಕ್ಕೆಂದು. ಚಳಿಯಲ್ಲಿ ಅದು ಗಟ್ಟಿಯಾಗಿ ಗುಮ್ಮಟವನ್ನು ಹೆಚ್ಚು ಹಿಡಿದಿಡುತ್ತದೆ, ಬೆಚ್ಚಗಾದಂತೆ ತೆಳುವಾಗುತ್ತದೆ. ಸರೌಂಡಿನ ರಬ್ಬರೂ ಚಳಿಗೆ ಬಿರುಸಾಗುತ್ತದೆ. ತಣ್ಣನೆಯ ವಾಹನದಲ್ಲಿ ಬಂದ ಸ್ಪೀಕರನ್ನು ಕೋಣೆಯ ಬಿಸಿಗೆ ಹೊಂದಿಕೊಳ್ಳಲು ಬಿಡಬೇಕು ಎನ್ನುವುದು ಸರಿಯಾದ ಸಲಹೆಯೇ. ಇದಕ್ಕಿಂತ ದೊಡ್ಡ ಕಾರಣ ಸ್ಪೀಕರಿನ ಹಿಂದಿರುವ ಆಂಪ್ಲಿಫೈಯರ್. ಹಳೆಯ ಬಗೆಯ ಗಾಜಿನ ವಾಲ್ವ್‌ಗಳ ಕ್ಯಾಥೋಡ್ (ಒಳಗಿನ ವಿದ್ಯುತ್ ಧ್ರುವ) ಬಿಸಿಯಾಗಬೇಕು. ಹೆಚ್ಚು ಬಿಸಿಯಾಗುವ ಕ್ಲಾಸ್-ಎ ಎಂಬ ಬಗೆಯ ಆಂಪ್ಲಿಫೈಯರಿನ ಶಾಖಫಲಕಗಳು ಒಂದು ಮಟ್ಟಕ್ಕೆ ಬಂದು ಬಯಸ್ (ಹಾಡಿಲ್ಲದಾಗಲೂ ಹರಿಯುವ ವಿದ್ಯುತ್ತಿನ ಮಟ್ಟ) ಸ್ಥಿರವಾಗಲು ಅರ್ಧ ಗಂಟೆಗೂ ಮಿಕ್ಕು ಹಿಡಿಯಬಹುದು. ಅದರ ಕೀರ್ತಿ ಎಷ್ಟೋ ಸಲ ಸ್ಪೀಕರಿಗೆ ಸಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ಬದಲಾಗುವುದು ಕೇಳುವ ಕಿವಿ ಎಂಬುದು ನನ್ನ ದೃಢವಾದ ನಂಬಿಕೆ. ಚಪ್ಪಲಿ ಕಾಲಿಗೆ ಒಗ್ಗಿತು ಎನ್ನುತ್ತೇವೆ. ಕಾಲೂ ಚಪ್ಪಲಿಗೆ ಒಗ್ಗಿರುತ್ತದೆ. ಹಳೆಯ ಸ್ಪೀಕರಿನ ಮಂದ ದನಿಗೆ ಹೊಂದಿಕೊಂಡ ಕಿವಿಗೆ ಹೊಸದು ಚೂಪೆನಿಸುತ್ತದೆ. ಕೆಲವು ವಾರಗಳಲ್ಲಿ ಅದೇ ಸಹಜವಾಗುತ್ತದೆ. ಶಬ್ದದ ಸೂಕ್ಷ್ಮ ನೆನಪು ಕೆಲವೇ ಸೆಕೆಂಡುಗಳದ್ದು, ಆದ್ದರಿಂದ ಕಳೆದ ತಿಂಗಳ ದನಿಯನ್ನು ಇಂದಿನದರೊಂದಿಗೆ ನಿಷ್ಠುರವಾಗಿ ಹೋಲಿಸುವುದು ಯಾರಿಗೂ ಸಾಧ್ಯವಿಲ್ಲ. ವಾಲ್ಯೂಮ್ ತುಸು ಏರಿಸಿದರೆ ಬೇಸ್ ತುಂಬಿ ಬಂದಂತೆ ಕೇಳಿಸುತ್ತದೆ; ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಅರ್ಧ ಗಂಟೆ ಕೇಳಿದವರ ಕೈ ತಾನಾಗಿ ವಾಲ್ಯೂಮಿನತ್ತ ಹೋಗಿರುತ್ತದೆ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ. ಕುರ್ಚಿ ಒಂದು ಅಡಿ ಸರಿದರೂ ಕೋಣೆ ಕೊಡುವ ದನಿ ಬೇರೆಯಾಗುತ್ತದೆ.

ನೂರು ಗಂಟೆಯ ಬಳಿಕ ದನಿ ಕೆಟ್ಟಿತು ಎಂದವರು ತೀರ ವಿರಳ. ರಾಳಕ್ಕಾಗಲಿ ರಬ್ಬರಿಗಾಗಲಿ ಕೇಳುಗರ ರುಚಿ ಗೊತ್ತಿಲ್ಲ. ಸಡಿಲಾದಾಗ ಕೆಲವರಿಗೆ ಹಿಡಿಸುವಂತೆ, ಕೆಲವರಿಗೆ ಹಿಡಿಸದಂತೆ ಬದಲಾಗಬೇಕಿತ್ತು. ಎಲ್ಲರಿಗೂ ಒಳ್ಳೆಯದೇ ಆಯಿತು ಎಂದರೆ ಅಲ್ಲಿ ಒಗ್ಗಿಕೊಂಡದ್ದು ಯಾರು ಎಂದು ಕೇಳಿಕೊಳ್ಳಬೇಕಾಗುತ್ತದೆ. ಹೀಗೆಂದ ಮಾತ್ರಕ್ಕೆ ಕೇಳಿದವರ ಅನುಭವ ಸುಳ್ಳಾಗುವುದಿಲ್ಲ. ಅವರಿಗೆ ಆದ ಸಂತೋಷ ನಿಜವಾದದ್ದೇ.

ಪರೀಕ್ಷಿಸುವ ದಾರಿ ಪ್ರತಿ ಜೋಡಿಯಲ್ಲೂ ಇದೆ. ಒಂದು ಸ್ಪೀಕರನ್ನು ಮಾತ್ರ ದಿನಗಟ್ಟಲೆ ಹಾಡಿಸಿ, ಇನ್ನೊಂದನ್ನು ಸುಮ್ಮನೆ ಇಡಿ. ಬಳಿಕ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಮೋನೊ (ಎಡ-ಬಲ ಬೇರ್ಪಡಿಸದ) ಧ್ವನಿಯಲ್ಲಿ, ಸಮ ವಾಲ್ಯೂಮಿನಲ್ಲಿ, ಯಾವುದು ಯಾವುದೆಂದು ತಿಳಿಯದಂತೆ ಬೇರೆಯವರಿಂದ ಬದಲಿಸಿ ಕೇಳಿ. ಜಾಗದ ಪ್ರಭಾವ ಕಳೆಯಲು ಸ್ಥಾನ ಅದಲುಬದಲು ಮಾಡಿ ಮತ್ತೊಮ್ಮೆ ಕೇಳಿ. ಇದನ್ನು ಹಿಂತಿರುಗಿಸುವ ಅವಧಿಯೊಳಗೇ ಮುಗಿಸಿಕೊಳ್ಳಬೇಕು. ಏಕೆಂದರೆ ‘ಇನ್ನೂರು ಗಂಟೆ ಓಡಲಿ, ಸರಿಹೋಗುತ್ತದೆ’ ಎಂಬ ಭರವಸೆಯನ್ನು ನಂಬಿ ಕುಳಿತರೆ ಆ ಅವಧಿ ದಾಟಿಹೋಗುತ್ತದೆ. ಮೊದಲ ವಾರವೇ ಕಿವಿ ನೋಯಿಸುವ ಸ್ಪೀಕರನ್ನು ಬ್ರೇಕ್‌ಇನ್ ಹೆಸರಿನಲ್ಲಿ ಸಹಿಸಿಕೊಳ್ಳಬೇಕಾಗಿಲ್ಲ.