ಅತ್ತಿಯವರ ಕೌದಿ ಗೋಡೆಗೆ ತೂಗಹಾಕಬಹುದೇ?

ಪ್ರಶ್ನೆ: ಹಳೇ ಮನಿ ಬಿಚ್ಚುವಾಗ ಅತ್ತಿಯವರ ಟ್ರಂಕಿನ್ಯಾಗ ಮೂರು ಕೌದಿ ಸಿಕ್ಕಾವ್ರಿ. ಒಂದು ಸಾಗವಾನಿ ಪೆಟ್ಟಿಗಿ, ತಾಮ್ರದ ಹಂಡೆನೂ ಅದಾವ. ಬೀಗರು ಬಂದರ ಇಳಕೊಳ್ಳೋ ಖೋಲಿಯೊಳಗ ಇವನ್ನ ಚಂದಗೆ ಇಡಬೇಕಂತ ಆಸೆ. ಕೌದಿ ಗೋಡಿಗೆ ಹಾಕಬಹುದೇನ್ರಿ? (ಜಮಖಂಡಿಯ ಓದುಗರು)

ಉತ್ತರ: ಹಾಕಬಹುದು. ಆದರೆ ಮೂರನ್ನೂ ಅಲ್ಲ, ಮೊಳೆ ಹೊಡೆದಂತೂ ಬೇಡವೇ ಬೇಡ. ಕೌದಿ ಅಂದರೆ ಹಳೆ ಸೀರೆ, ಧೋತರಗಳ ನಾಲ್ಕಾರು ಪದರ. ಎರಡು ಮೂಲೆಗೆ ಮೊಳೆ ಹೊಡೆದರೆ ಅಷ್ಟೂ ಭಾರ ಆ ಎರಡು ತೂತಿನ ಮೇಲೆ ಬೀಳುತ್ತದೆ. ಹೊಲಿಗೆ ಗಟ್ಟಿಯಾಗಿಯೇ ಇರುತ್ತದೆ, ಅದರ ಪಕ್ಕದ ಸವೆದ ಬಟ್ಟೆ ಉದ್ದಕ್ಕೆ ಸೀಳುತ್ತದೆ.

ಮೊದಲು ಮೂರನ್ನೂ ಹಗಲು ಬೆಳಕಿನಲ್ಲಿ ಹೊರಸಿನ ಮೇಲೆ ಹಾಸಿ. ಒಂದೊಂದು ತುಂಡನ್ನೂ ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಜಗ್ಗಿ ನೋಡಿ. ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡುಗಳನ್ನು ತಪ್ಪದೆ ಪರೀಕ್ಷಿಸಿ. ಸೆರಗು ರೇಷ್ಮೆ, ಬೆಳಕಿಗೆ ಹತ್ತಿಗಿಂತ ಬೇಗ ಸಾಯುತ್ತದೆ. ಒಡಲಿನ ಹತ್ತಿ ಗಟ್ಟಿಯಿದ್ದರೂ ಸೆರಗು ಒಣಗಿದ ಎಲೆಯ ಹಾಗೆ ಬಿರಿಯಬಹುದು. ಹಾಗೆ ಬಿರಿಯುವ ಕೌದಿಯನ್ನು ತೂಗಹಾಕಬೇಡಿ, ಪೆಟ್ಟಿಗೆಯಲ್ಲಿ ಮಲಗಿಸಿಡಿ. ಹರಿದ ತುಂಡನ್ನು ಕಿತ್ತು ಹೊಸದು ಹಚ್ಚುವುದೂ ಬೇಡ. ಅದರ ಮೇಲೆ ತೆಳು ಮಲ್‌ಮಲ್ ಬಟ್ಟೆ ಇಟ್ಟು ಸುತ್ತಲೂ ಹತ್ತಿ ದಾರದಿಂದ ಹೊಲಿದರೆ ಸಾಕು, ಅತ್ತಿಯವರ ಕೈಕೆಲಸ ಕೆಳಗೆ ಹಾಗೇ ಕಾಣುತ್ತದೆ. ಪಾಲಿಸ್ಟರ್ ದಾರ ಹಳೆ ಎಳೆಯನ್ನು ಕೊಯ್ಯುತ್ತದೆ.

ಸಿಕ್ಕ ಕೂಡಲೇ ಒಗೆಯಲು ಅವಸರ ಮಾಡಬೇಡಿ. ಒದ್ದೆ ಬಿಳಿ ಬಟ್ಟೆಯನ್ನು ಕೆಂಪು ತುಂಡಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ಆ ಕೌದಿಗೆ ನೀರು ಸೋಕಿಸಬಾರದು, ನೆರಳಲ್ಲಿ ಅರ್ಧ ದಿನ ಗಾಳಿಗಿಟ್ಟರೆ ಸಾಕು. ಬಣ್ಣ ಬಿಡದಿದ್ದರೆ ಅಂಟುವಾಳದ ನೀರಿನಲ್ಲಿ ನೆನೆಸಿ, ಹಿಂಡದೆ, ಅಡಿಗೆ ಚಾದರ ಕೊಟ್ಟು ಇಬ್ಬರು ಹಿಡಿದೆತ್ತಿ. ನೀರುಂಡ ಕೌದಿಯನ್ನು ಒಂದು ತುದಿ ಹಿಡಿದು ಎತ್ತಿದರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ. ಹೊಳೆದಂಡೆಯ ಕಲ್ಲಿಗೆ ಬಡಿದು ಒಗೆಯುವುದು ಹೊಸ ಕೌದಿಗೆ ಸೈ, ಇವಕ್ಕಲ್ಲ.

ಗೋಡೆಯದಕ್ಕೆ ಹಿಂಬದಿಯಲ್ಲಿ ಬಟ್ಟೆಯ ಕೊಳವೆ ಹೊಲಿಯಬೇಕು. ಕೌದಿಯ ಅಗಲ 60 ಇಂಚು ಇದ್ದರೆ, ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ 29 ಇಂಚು ಉದ್ದ, 9 ಇಂಚು ಅಗಲದ ಎರಡು ಪಟ್ಟಿ ಕತ್ತರಿಸಿ. ಅಂಚು ಮಡಚಿ ಹೊಲಿದು, ಉದ್ದಕ್ಕೆ ಮಡಚಿ 4 ಇಂಚಿನ ಕೊಳವೆ ಮಾಡಿ. ಮೇಲಂಚಿನಿಂದ ಒಂದು ಇಂಚು ಕೆಳಗೆ ಎರಡನ್ನೂ ಸಾಲಾಗಿ ಇಟ್ಟು ಮೇಲೆ, ಕೆಳಗೆ ಎರಡೂ ಕಡೆ ಕೈಯಿಂದ ಹೊಲಿಯಿರಿ. ಕೊಳವೆಯೊಳಗೆ ತೂರಿಸುವ ಸರಳಿಗೆ ಗೋಡೆಯಲ್ಲಿ ಎರಡು ತುದಿಗೆ ಎರಡು ಕೊಂಡಿ ಇರಲಿ. ನಡುವೆ ಉಳಿಯುವ ಸಂದಿನಲ್ಲಿ ಮೂರನೇ ಕೊಂಡಿ ಬರುತ್ತದೆ, ಸರಳು ನಡುವೆ ಬಾಗುವುದಿಲ್ಲ. ಸೂಜಿ ಬರೀ ಹಿಂದಿನ ಪದರಕ್ಕೆ ಸಿಕ್ಕರೆ ಆ ಪದರವೊಂದೇ ಭಾರ ಹೊತ್ತು ಜೋಲುತ್ತದೆ. ಹಾಗಾಗಿ ನಾಲ್ಕು ಹೊಲಿಗೆಗೊಮ್ಮೆ ಸೂಜಿ ಮುಂದಿನ ಪದರದವರೆಗೂ ಹೋಗಿ ಬರಲಿ. ಕೊಳವೆಯನ್ನು ತುಸು ಸಡಿಲ ಬಿಡಿ, ಬಿಗಿಯಾದರೆ ಸರಳು ಮುಂದೆ ಉಬ್ಬಿ ಕಾಣುತ್ತದೆ. ಸರಳಿಗೆ ಒಂದು ಇಂಚಿನ ಸ್ಟೀಲ್ ಇಲ್ಲವೇ ಅಲ್ಯೂಮಿನಿಯಂ ಪೈಪು ಸಾಕು. ಹಸಿ ಕಟ್ಟಿಗೆಯಾದರೆ ದಿನ ಕಳೆದಂತೆ ಕಂದು ಕಲೆ ಬಿಡುತ್ತದೆ.

ಯಾವ ಗೋಡೆ ಎನ್ನುವುದೂ ಅಷ್ಟೇ ಮುಖ್ಯ. ಜಮಖಂಡಿ, ವಿಜಯಪುರದ ಬಿಸಿಲಿಗೆ ಪಡುವಣ ಗೋಡೆ ಸಂಜೆಯವರೆಗೂ ಕಾಯ್ದಿರುತ್ತದೆ. ಕಿಟಕಿಯ ಎದುರು ಗೋಡೆಯೂ ಬೇಡ. ಬೆಳಗಾವಿಯ ಮಳೆಗಾಲದಲ್ಲಿ ಹೊರಗೋಡೆ ಹಸಿ ಹಿಡಿಯುತ್ತದೆ. ಅಲ್ಲಿಯವರು ಒಳಗೋಡೆ ಆರಿಸಿ, ಕೊಂಡಿಯನ್ನು ಒಂದು ಇಂಚು ಮುಂದೆ ಚಾಚಿ ಹಿಂದೆ ಗಾಳಿ ಆಡಲು ಬಿಡಬೇಕು. ಎಲ್ಲಿದ್ದರೂ ನಾಲ್ಕು ತಿಂಗಳಿಗೊಮ್ಮೆ ಇಳಿಸಿ, ಮುಂದಿನ ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿಡಿ. ಮಾಸಿದ ಬಣ್ಣ ಮರಳಿ ಬರುವುದಿಲ್ಲ.

ಸಾಗವಾನಿ ಪೆಟ್ಟಿಗೆ ಮಂಚದ ಕಾಲಬದಿಗೆ ಚಂದ. ಕಾಲಡಿ ಫರಶಿ ತುಂಡು ಕೊಡಿ, ಗೆದ್ದಲು ಹತ್ತಿದರೆ ಬೇಗ ಕಣ್ಣಿಗೆ ಬೀಳುತ್ತದೆ. ಕೌದಿ ಕಟ್ಟಿಗೆಗೆ ನೇರ ತಾಗದಂತೆ ಒಳಗೆ ಒಗೆದ ಧೋತರ ಹಾಸಿ. ನುಸಿ ಗುಳಿಗೆಯನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಮೂಲೆಗಿಡಿ, ಕೌದಿಗೆ ಸೋಕಬಾರದು. ಮಡಿಕೆ ಒಂದೇ ಕಡೆ ಬಿದ್ದರೆ ಅಲ್ಲೇ ಹರಿಯುತ್ತದೆ, ಪ್ರತಿ ಸಲ ಬೇರೆ ಕಡೆ ಮಡಚಿ. ಹಂಡೆಯನ್ನು ಹುಣಸೆಹಣ್ಣು, ಉಪ್ಪಿನಿಂದ ತಿಕ್ಕಿ ಕೂಡಲೇ ತೊಳೆದು ಒರೆಸಿ. ಹುಳಿ ಉಳಿದಲ್ಲಿ ಹಸಿರು ಕಿಲುಬು ಏಳುತ್ತದೆ.

ಎಲ್ಲಕ್ಕೂ ಗಟ್ಟಿಯಾದ ಕೌದಿ ಬೀಗರ ಹೊದಿಕೆಗೇ ಇರಲಿ, ಅದು ಹೊದೆಯಲೆಂದೇ ಹೊಲಿದದ್ದು. ತಲೆಯ ಎಣ್ಣೆ, ಬೆವರು ಹತ್ತಿ ಮೊದಲು ಕೆಡುವುದು ಮುಖದ ಬದಿಯ ಅಂಚು. ಆ ಅಂಚಿಗೆ ಒಂದು ಅಡಿ ಅಗಲದ ಬಿಳಿ ಬಟ್ಟೆಯನ್ನು ದೊಡ್ಡ ದೊಡ್ಡ ಹೊಲಿಗೆ ಹಾಕಿ ಹಚ್ಚಿಡಿ. ಬೀಗರು ಹೋದ ಮೇಲೆ ಅದನ್ನಷ್ಟೇ ಬಿಚ್ಚಿ ಒಗೆಯಿರಿ.