ಪಟ್ಟಿಯಲ್ಲಿ ಹೆಸರಿಲ್ಲ ಎನ್ನುವವರಿಗೆ

“ಮೇಡಂ, ಪಟ್ಟಿ ನೋಡಿದೆ, ಅವರ ಹೆಸರಿಲ್ಲ. ಮಾಲು ಕಳಿಸಿಬಿಡಲೇ?” ರಾಸಾಯನಿಕ ರಫ್ತುದಾರರಿಗೆ ಕಾನೂನು ಸಲಹೆ ಕೊಡುವ ನನಗೆ ಈ ಮಾತು ಕೇಳಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ. ಪಟ್ಟಿ ಎಂದರೆ ಅಮೆರಿಕ ಆರ್ಥಿಕ ನಿರ್ಬಂಧ ಹೇರಿದವರ ಪಟ್ಟಿ.

ರಾಸಾಯನಿಕಗಳಿಂದ ತಯಾರಿಸುವ ಪ್ರಬಲ ಮಾದಕ ನೋವುನಿವಾರಕ ಫೆಂಟನಿಲ್‌ನ ದಂಧೆಯವರ ಮೇಲೆ ಆರ್ಥಿಕ ನಿರ್ಬಂಧ ಹೇರಲು ಅಮೆರಿಕ 2019ರ ಡಿಸೆಂಬರ್‌ನಲ್ಲಿ ಒಂದು ಕಾಯ್ದೆ ಮಾಡಿತು. 2024ರ ಏಪ್ರಿಲ್‌ನಲ್ಲಿ ಬಂದ ಇನ್ನೊಂದು ಕಾಯ್ದೆ ಈ ಕಳ್ಳಸಾಗಣೆಯನ್ನೇ ರಾಷ್ಟ್ರೀಯ ತುರ್ತುಸ್ಥಿತಿ ಎಂದು ಸಾರಿತು. ಅದರ ಜೊತೆಗೇ ಸಹಿಯಾದ ಮತ್ತೊಂದು ಭಾಗ, ನಿರ್ಬಂಧ ಮುರಿದವರ ಮೇಲೆ ಮೊಕದ್ದಮೆ ಹೂಡುವ ಕಾಲಮಿತಿಯನ್ನು 5 ವರ್ಷದಿಂದ 10ಕ್ಕೆ ಏರಿಸಿತು. ಎರಡು ಮಿಲಿಗ್ರಾಂ ದೇಹದೊಳಗೆ ಹೋದರೆ ಜೀವ ಹೋಗಬಹುದಾದ ವಸ್ತು ಫೆಂಟನಿಲ್. ಈ ಕಠಿಣತೆ ನನಗೆ ಅತಿ ಎನಿಸಿಲ್ಲ. ಇದು ಮೆಕ್ಸಿಕೊ, ಚೀನಾದವರ ಪಾಡು ಎನ್ನುವಂತೆಯೂ ಇಲ್ಲ: 2025ರ ಸೆಪ್ಟೆಂಬರ್‌ನಲ್ಲಿ ಇಬ್ಬರು ಭಾರತೀಯರೂ ಭಾರತದ ಒಂದು ಆನ್‌ಲೈನ್ ಔಷಧ ಮಾರಾಟ ಸಂಸ್ಥೆಯೂ ಪಟ್ಟಿಗೆ ಸೇರಿದರು.

ಈಗ ಆ ಪಟ್ಟಿಯ ವಿಷಯ. ಅಮೆರಿಕದ ಖಜಾನೆ ಇಲಾಖೆಯ ನಿಯಮದಂತೆ, ಪಟ್ಟಿಯಲ್ಲಿರುವವರಿಗೆ ಶೇ 50 ಅಥವಾ ಅದಕ್ಕಿಂತ ಹೆಚ್ಚು ಪಾಲಿರುವ ಕಂಪನಿಗೂ ನಿರ್ಬಂಧ ತಾನಾಗಿಯೇ ತಗಲುತ್ತದೆ. ಆ ಕಂಪನಿಯ ಹೆಸರು ಪಟ್ಟಿಯಲ್ಲಿ ಇರಬೇಕೆಂದೇ ಇಲ್ಲ. 2014ರಿಂದ ಈ ಪಾಲುಗಳನ್ನು ಕೂಡಿಸಿ ನೋಡುತ್ತಾರೆ. ಒಬ್ಬನದು 30, ಇನ್ನೊಬ್ಬನದು 25, ಇಬ್ಬರೂ ಪಟ್ಟಿಯಲ್ಲಿದ್ದಾರೆ. ಒಟ್ಟು 55, ಅಲ್ಲಿಗೆ ಮುಗಿಯಿತು. ಅವರಿಬ್ಬರಿಗೆ ಪರಸ್ಪರ ಪರಿಚಯವೇ ಇಲ್ಲದಿದ್ದರೂ ಲೆಕ್ಕ ಬದಲಾಗುವುದಿಲ್ಲ. ಆ ಕಂಪನಿ ಮತ್ತೊಂದು ಕಂಪನಿಯ ಅರ್ಧ ಪಾಲು ಹಿಡಿದಿದ್ದರೆ ಅದಕ್ಕೂ ಇದೇ ಗತಿ.

ಬೀದರಿನ ಹಿರಿಯ ಉದ್ಯಮಿಯೊಬ್ಬರ ಖರೀದಿದಾರ ಕಂಪನಿಯದೂ ಇಂಥದೇ ಲೆಕ್ಕ. ಅವರಿಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದ್ದೆ. “ಇಬ್ಬರದೂ ಐವತ್ತಕ್ಕಿಂತ ಕಡಿಮೆಯೇ ಅಲ್ಲವೇನಮ್ಮಾ?” ಎಂದರು. ಅಷ್ಟರಲ್ಲಿ ಡ್ರಮ್ಮುಗಳು ಮುಂಬೈ ಬಂದರು ಸೇರಿದ್ದವು. ಡಾಲರ್ ಹಣ ಅಮೆರಿಕದ ಬ್ಯಾಂಕಿನ ಮೂಲಕವೇ ಬರಬೇಕು. ಅಲ್ಲಿ ತಡೆಹಿಡಿದರೆ ನಮಗೂ ಬಾರದು, ಖರೀದಿದಾರನಿಗೂ ಮರಳದು. ಸರಕನ್ನು ಹಿಂದಕ್ಕೆ ತರಿಸಿದೆವು. ನಲವತ್ತು ಕೆಲಸಗಾರರ ಸಂಬಳ ಕೊಡಬೇಕಾದ ಮನುಷ್ಯ; ಅವರ ಮುಖ ನೋಡಲು ನನಗೆ ಕಷ್ಟವಾಯಿತು.

ಪ್ರತಿ ಪ್ರಕರಣವೂ ಬೇರೆ, ನಿಮ್ಮ ಕಾಗದಪತ್ರ ನೋಡದೆ ನಾನು ಖಚಿತವಾಗಿ ಏನನ್ನೂ ಹೇಳಲಾರೆ. ಆದರೆ ಖರೀದಿದಾರನ ಪಾಲುದಾರರ ವಿವರವನ್ನು ಬೆಲೆ ಮಾತಾಡುವ ಮೊದಲೇ ತರಿಸಿಕೊಳ್ಳಿ.

ಆ ಹಿರಿಯರು ಕಳೆದ ತಿಂಗಳು ಮತ್ತೆ ಫೋನ್ ಮಾಡಿದ್ದರು. “ಈ ಸಲ ಎಲ್ಲ ತರಿಸಿ ಕೂಡಿಸಿದ್ದೇನೆ ತಾಯಿ, ನಲವತ್ತೆಂಟು ಬಂತು.” ಶೇ 48ಕ್ಕೆ ನಿಯಮ ತಾನಾಗಿ ತಗಲುವುದಿಲ್ಲ, ನಿಜ. ಆದರೆ ಇಂಥ ಕಡೆ ಎಚ್ಚರದಿಂದಿರಿ ಎಂದು ಖಜಾನೆ ಇಲಾಖೆಯೇ ಹೇಳುತ್ತದೆ. ಉಳಿದ 52 ಯಾರದು ಎಂದು ಕೇಳಿದೆ. ವಿಚಾರಿಸಿ ಹೇಳುತ್ತೇನೆ ಎಂದಿದ್ದಾರೆ. ಮಾಲು ಇನ್ನೂ ಗೋದಾಮಿನಲ್ಲಿದೆ.